ಶಾಂತಸಾಗರದ ದ್ವೀಪರಾಷ್ಟ್ರಗಳು: ಹೊರಡುವ ಮುನ್ನ ಅರಿಯತಕ್ಕದ್ದು



ನಮ್ಮ ಕುಟುಂಬಗಳಲ್ಲಿ ದೇಶಾಟನವೆಂದರೆ ಒಂದು ಕಾಲಕ್ಕೆ ಕ್ಷೇತ್ರದರ್ಶನವೇ ಆಗಿತ್ತು. ಈಗ ಕಾಲ ಬದಲಾಗಿದೆ. ಮಕ್ಕಳು ಉದ್ಯೋಗನಿಮಿತ್ತ ಆಕ್ಲೆಂಡ್, ಸಿಡ್ನಿ, ಮೆಲ್ಬರ್ನ್ ಮುಂತಾದ ನಗರಗಳಲ್ಲಿ ನೆಲೆಸಿದ್ದಾರೆ. ಅವರನ್ನೂ ಮೊಮ್ಮಕ್ಕಳನ್ನೂ ಕಾಣಲು ಹೋಗುವ ತಂದೆತಾಯಿಗಳು, ಅಷ್ಟು ದೂರ ಹೋದ ಮೇಲೆ ಪಕ್ಕದಲ್ಲಿಯೇ ಇರುವ ದ್ವೀಪರಾಷ್ಟ್ರಗಳನ್ನೂ ನೋಡಿ ಬರೋಣವೆಂದು ಆಶಿಸುವುದು ಸಹಜವೇ ಆಗಿದೆ. ಆಶೆ ಒಳ್ಳೆಯದು. ಆದರೆ ಈ ‘ಪಕ್ಕದಲ್ಲಿಯೇ’ ಎಂಬ ಮಾತನ್ನು ಮಾತ್ರ ತುಸು ಪರಿಶೀಲಿಸಬೇಕಾಗಿದೆ.

ಕಳೆದ ತಿಂಗಳು ನಿವೃತ್ತ ಶಿಕ್ಷಕರೊಬ್ಬರು ಸಪತ್ನೀಕರಾಗಿ ಬಂದು ಒಂದು ಕಾಗದವನ್ನು ನಮ್ಮ ಮುಂದಿಟ್ಟರು. ಆಕ್ಲೆಂಡಿನಲ್ಲಿರುವ ಮಗಳ ಮನೆಯಿಂದ ಹೊರಟು ಹದಿನೈದು ದಿನಗಳಲ್ಲಿ ಟೋಂಗಾ, ಸಮೋವಾ, ಫಿಜಿ, ಟುವಾಲು, ಕುಕ್ ದ್ವೀಪಗಳು, ತಾಹಿತಿ, ಈ ಆರನ್ನೂ ಸುತ್ತಿ ಬರುವ ಯೋಜನೆ ಅದರಲ್ಲಿತ್ತು. “ಶಾಸ್ತ್ರಿಗಳೇ, ನಕಾಶೆಯಲ್ಲಿ ಎಲ್ಲವೂ ಒಂದರ ಮಗ್ಗುಲಲ್ಲಿ ಒಂದಿವೆ. ಎರಡೆರಡು ದಿನ ಸಾಕಲ್ಲವೇ?” ಎಂದು ಅವರು ಕೇಳಿದರು. ಇದಕ್ಕಾಗಿ ಅವರು ತೆಗೆದಿರಿಸಿದ್ದು ನಿವೃತ್ತಿಯ ಕಾಲದಲ್ಲಿ ಕೈಗೆ ಬಂದ ಹಣ. ಅದು ಮತ್ತೊಮ್ಮೆ ಬರುವಂಥದಲ್ಲ. ಹೀಗಿರುವುದರಿಂದ ಅವರೊಡನೆ ಕುಳಿತು ಒಂದೊಂದನ್ನೂ ವಿಚಾರಿಸಿದೆವು. ಆ ವಿಚಾರವು ಇತರ ಕುಟುಂಬಗಳಿಗೂ ಉಪಯೋಗವಾದೀತೆಂಬ ಭಾವನೆಯಿಂದ ಇಲ್ಲಿ ವಿಸ್ತರಿಸುತ್ತೇವೆ.

ಸಾಗರದ ಅಳತೆ

ಪೆಸಿಫಿಕ್ ಅಥವಾ ಶಾಂತಸಾಗರದ ವಿಸ್ತಾರ ಸುಮಾರು 16.5 ಕೋಟಿ ಚದರ ಕಿ.ಮೀ. ಭೂಮಂಡಲದ ಒಟ್ಟು ಮೇಲ್ಮೈಯಲ್ಲಿ ಮೂರರಲ್ಲೊಂದು ಭಾಗವನ್ನು ಇದೊಂದೇ ಸಾಗರ ಆಕ್ರಮಿಸಿದೆ. ಜಗತ್ತಿನ ಎಲ್ಲ ಖಂಡಗಳ ನೆಲವನ್ನು ಕೂಡಿಸಿದರೂ ಇದರ ಅಳತೆಗೆ ಸಾಲದು. ನಮ್ಮ ಭಾರತದಂತಹ ಐವತ್ತು ದೇಶಗಳನ್ನು ಇದರ ಮೇಲೆ ಹಾಸಬಹುದು. 1520ರ ನವೆಂಬರ್ 28ರಂದು ಮೆಗಲನ್ ಎಂಬ ನಾವಿಕನು ಅಮೆರಿಕದ ತೆಂಕಣ ತುದಿಯ ಜಲಸಂಧಿಯನ್ನು ದಾಟಿ ಈ ಸಾಗರವನ್ನು ಪ್ರವೇಶಿಸಿದನು. ಗುವಾಮ್ ದ್ವೀಪವನ್ನು ಅವನು ಮುಟ್ಟಿದ್ದು 1521ರ ಮಾರ್ಚ್ 6ರಂದು. ಮೂರು ತಿಂಗಳಿಗೂ ಮಿಕ್ಕಿದ ಆ ಅವಧಿಯಲ್ಲಿ ಅವನ ಜನ ಹಸಿವಿನಿಂದಲೂ ರೋಗದಿಂದಲೂ ಬಳಲಿದರು.

ಇಲ್ಲಿಯ ದೇಶಗಳ ಸ್ವರೂಪವೂ ನಮ್ಮ ಕಲ್ಪನೆಗೆ ಸುಲಭವಾಗಿ ಒಗ್ಗುವಂಥದಲ್ಲ. ಕಿರಿಬಾಸ್ ಎಂಬ ರಾಷ್ಟ್ರವನ್ನು ನೋಡಿರಿ. ಮೂವತ್ತಮೂರು ದ್ವೀಪಗಳ ಆ ನಾಡಿನ ಒಟ್ಟು ನೆಲ 811 ಚದರ ಕಿ.ಮೀ., ಅಂದರೆ ನಮ್ಮ ಒಂದು ಸಾಧಾರಣ ತಾಲ್ಲೂಕಿನಷ್ಟು. ಆದರೆ ಆ ದ್ವೀಪಗಳು ಹರಡಿಕೊಂಡಿರುವ ಕಡಲು ಭಾರತದ ಭೂವಿಸ್ತಾರಕ್ಕಿಂತ ಹೆಚ್ಚಿನದು. ಅದರ ರಾಜಧಾನಿಯಾದ ತರಾವಾದಿಂದ ಅದೇ ದೇಶದ ಕಿರಿತಿಮಾಸ್ ದ್ವೀಪಕ್ಕೆ 3,200 ಕಿ.ಮೀ.ಗೂ ಅಧಿಕ ದೂರವಿದೆ. ಕಾಶ್ಮೀರದಿಂದ ಕನ್ಯಾಕುಮಾರಿಯವರೆಗಿನ ಅಂತರವೂ ಸುಮಾರು ಅಷ್ಟೇ. ಒಂದೇ ದೇಶದೊಳಗೆ ಇಷ್ಟು ದೂರವಿರುವಲ್ಲಿ ಆರು ದೇಶಗಳ ಮಾತನ್ನು ಹೇಳಬೇಕಾದುದಿಲ್ಲ. ಶಿಕ್ಷಕರ ಕಾಗದದಲ್ಲಿ ಒಂದರ ಕೆಳಗೊಂದು ಬರೆದಿದ್ದ ಫಿಜಿಗೂ ತಾಹಿತಿಗೂ ನಡುವೆ 3,000 ಕಿ.ಮೀ.ಗೂ ಹೆಚ್ಚಿನ ನೀರಿದೆ.

ವಿಮಾನಗಳ ಹಾದಿ

ದೂರವೊಂದೇ ತೊಡಕಾಗಿದ್ದರೆ ಹಣವಿದ್ದವರು ಅದನ್ನು ಗೆಲ್ಲಬಹುದಿತ್ತು. ದ್ವೀಪದಿಂದ ದ್ವೀಪಕ್ಕೆ ನೇರವಾದ ದಾರಿ ಎಲ್ಲ ಕಡೆಯೂ ಇಲ್ಲದಿರುವುದು ಅದಕ್ಕಿಂತ ದೊಡ್ಡ ತೊಡಕು. ಗಾಲಿಯ ನಡುವಿನಿಂದ ಅರಗಳು ಹೊರಡುವಂತೆ ಇಲ್ಲಿಯ ವಿಮಾನಗಳು ಕೆಲವೇ ಕೇಂದ್ರಗಳಿಂದ ಹೊರಟು ಅಲ್ಲಿಗೇ ಮರಳುತ್ತವೆ. ಇದಕ್ಕೆ ಕಾರಣ ಇತಿಹಾಸದಲ್ಲಿದೆ. ಉತ್ತರದ ದ್ವೀಪಗಳು ಅಮೆರಿಕದ ಆಶ್ರಯದಲ್ಲಿ ಬೆಳೆದುದರಿಂದ ಅವುಗಳ ದಾರಿ ಹೊನೊಲುಲು ಮತ್ತು ಗುವಾಮ್‌ಗಳ ನಡುವೆ ಹಾದಿದೆ. ತಾಹಿತಿ, ನ್ಯೂ ಕ್ಯಾಲಿಡೋನಿಯಗಳು ಫ್ರಾನ್ಸಿನ ಅಧೀನ. ಬ್ರಿಟಿಷರು, ಆಸ್ಟ್ರೇಲಿಯನ್ನರು, ನ್ಯೂಜಿಲೆಂಡಿನವರು ಆಳಿದ ದ್ವೀಪಗಳಿಗೆ ಫಿಜಿ, ಆಕ್ಲೆಂಡ್, ಬ್ರಿಸ್ಬೇನ್‌ಗಳೇ ಹೆಬ್ಬಾಗಿಲು. ವಿಮಾನ ನಿಲ್ದಾಣಗಳಲ್ಲಿ ಹಲವು ಎರಡನೆಯ ಮಹಾಯುದ್ಧದ ಸೈನಿಕರು ನಿರ್ಮಿಸಿದವು. ಟುವಾಲುವಿನ ಫುನಾಫುತಿಯ ಓಡುದಾರಿಯನ್ನು ಅಮೆರಿಕದ ಸೈನ್ಯ 1943ರಲ್ಲಿ ಹಾಕಿತು. ಸಾಲೊಮನ್ ದ್ವೀಪಗಳ ರಾಜಧಾನಿಯ ನಿಲ್ದಾಣವು 1942ರಲ್ಲಿ ಘೋರ ಕದನವನ್ನು ಕಂಡ ನೆಲ. ಅಂದು ಯುದ್ಧಕ್ಕಾಗಿ, ಆಡಳಿತಕ್ಕಾಗಿ ಎಳೆದ ಗೆರೆಗಳ ಮೇಲೆಯೇ ಇಂದಿನ ಪ್ರವಾಸಿಯೂ ಹಾರಬೇಕಾಗಿದೆ.

ಇದರ ಪರಿಣಾಮವನ್ನು ಒಂದು ನಿದರ್ಶನದಿಂದ ತಿಳಿಯಬಹುದು. ತಾಹಿತಿಯಿಂದ ಟೋಂಗಾಕ್ಕೆ ಹೋಗಬೇಕಾದವನು ಸಾಮಾನ್ಯವಾಗಿ ಆಕ್ಲೆಂಡಿಗೆ ಹೋಗಿ ಅಲ್ಲಿಂದ ಮತ್ತೆ ಈಶಾನ್ಯಕ್ಕೆ ಹೊರಳಬೇಕು. ನೇರ ದೂರದ ಇಮ್ಮಡಿಗೂ ಮಿಕ್ಕ ಪ್ರಯಾಣ ಅದು. ಎರಡು ಟಿಕೆಟ್ಟಿನ ವೆಚ್ಚ ಬೇರೆ. ಆದುದರಿಂದ ಮೊದಲು ನೋಡಬೇಕೆನಿಸಿದ ನಾಡುಗಳ ಪಟ್ಟಿಯನ್ನು ಬರೆದು ಅನಂತರ ವಿಮಾನವನ್ನು ಹುಡುಕುವ ಕ್ರಮ ಇಲ್ಲಿ ಸಲ್ಲದು. ಮೊದಲು ಒಂದು ಕೇಂದ್ರವನ್ನು ಆರಿಸಿ, ಅಲ್ಲಿಂದ ಯಾವ ಯಾವ ವಾರ ಯಾವ ಯಾವ ನಾಡಿಗೆ ವಿಮಾನವಿದೆಯೆಂಬುದನ್ನು ಬರೆದುಕೊಂಡು, ಅದಕ್ಕೆ ಹೊಂದುವ ನಾಡುಗಳನ್ನು ಮಾತ್ರ ಆಯ್ದುಕೊಳ್ಳಬೇಕು.

ಮುಖ್ಯವಾಗಿ ಮೂರು ಹಾದಿಗಳಿವೆ. ಮೊದಲನೆಯದು ಫಿಜಿಯ ಹಾದಿ. ಅಲ್ಲಿಂದ ಟೋಂಗಾ, ಸಮೋವಾ, ವನುವಾಟು, ಟುವಾಲು, ಕಿರಿಬಾಸ್‌ಗಳಿಗೆ ಸಂಪರ್ಕವಿದೆ. ಎರಡನೆಯದು ಆಕ್ಲೆಂಡಿನಿಂದ ಕುಕ್ ದ್ವೀಪಗಳ ರಾರೊತೊಂಗಾ ಮತ್ತು ತಾಹಿತಿಯ ಪಪೀಟೆಗೆ ಹೋಗುವ ಪೂರ್ವದ ಹಾದಿ. ಮೂರನೆಯದು ಹೊನೊಲುಲುವಿನಿಂದ ಹೊರಟು ಮಜುರೊ, ಕ್ವಾಜಲೀನ್, ಕೊಸ್ರಾಯೆ, ಪೊನ್‌ಪೇ, ಚೂಕ್ ದ್ವೀಪಗಳಲ್ಲಿ ಇಳಿದೇಳುತ್ತ ಗುವಾಮ್ ಸೇರುವ ಉತ್ತರದ ಹಾದಿ. ಹಳ್ಳಿಹಳ್ಳಿಗೂ ನಿಲ್ಲುವ ನಮ್ಮ ಕೆಂಪು ಬಸ್ಸಿನಂತೆ 1968ರಿಂದಲೂ ಒಂದು ವಿಮಾನ ಈ ದಾರಿಯಲ್ಲಿ ಸಂಚರಿಸುತ್ತ ಬಂದಿದೆ. ಒಂದು ಪ್ರವಾಸಕ್ಕೆ ಒಂದೇ ಹಾದಿ ಸಾಕು. ಎರಡನ್ನು ಬೆಸೆಯಹೊರಟರೆ ಹಣದ ಬಹುಪಾಲು ವಿಮಾನಕ್ಕೂ, ದಿನಗಳ ಬಹುಪಾಲು ನಿಲ್ದಾಣದ ಬೆಂಚಿಗೂ ಸಂದುಹೋಗುತ್ತದೆ.

ಹೆಸರುಗಳ ವಿಷಯದಲ್ಲಿ ಒಂದು ಮಾತು. ಫಿಜಿಯ ದೊಡ್ಡ ವಿಮಾನ ನಿಲ್ದಾಣವಿರುವ ಊರಿನ ಹೆಸರು ಆಂಗ್ಲ ಅಕ್ಷರಗಳಲ್ಲಿ ‘ನಾಡಿ’ ಎಂದು ಕಾಣುತ್ತದೆ. ಅಲ್ಲಿಯ ಜನ ಅದನ್ನು ‘ನಂದಿ’ ಎಂದೇ ಉಚ್ಚರಿಸುತ್ತಾರೆ. ನಮ್ಮ ನಂದಿಗೂ ಆ ಊರಿಗೂ ಸಂಬಂಧವೇನೂ ಇಲ್ಲ. ಡಕಾರದ ಹಿಂದೆ ಅನುನಾಸಿಕವನ್ನು ಸೇರಿಸಿ ನುಡಿಯುವುದು ಆ ಭಾಷೆಯ ಲಿಪಿಕ್ರಮ. ಹಾಗೆಯೇ ‘ಪಾಗೊ ಪಾಗೊ’ ಎಂದು ಬರೆದುದನ್ನು ಸಮೋವಾದವರು ‘ಪಾಂಗೊ ಪಾಂಗೊ’ ಎನ್ನುತ್ತಾರೆ. ‘ಕಿರಿಬಾಟಿ’ ಎಂದು ಕಾಣುವುದು ‘ಕಿರಿಬಾಸ್’ ಆಗುತ್ತದೆ. ನಿಲ್ದಾಣದ ಧ್ವನಿವರ್ಧಕದಲ್ಲಿ ಊರಿನ ಹೆಸರು ಕೇಳಿಬಂದಾಗ ಗುರುತು ಹಿಡಿಯುವುದಕ್ಕೆ ಇಷ್ಟು ತಿಳಿದಿರುವುದು ಒಳಿತು.

ದಿನಾಂಕದ ರೇಖೆ

ಅಂತರರಾಷ್ಟ್ರೀಯ ದಿನಾಂಕ ರೇಖೆಯು ಈ ಸಾಗರದ ನಡುವೆಯೇ ಹಾದುಹೋಗುತ್ತದೆ. ಫಿಜಿ, ಟೋಂಗಾ, ಸಮೋವಾ, ಟುವಾಲುಗಳು ರೇಖೆಯ ಒಂದು ಬದಿ. ಕುಕ್ ದ್ವೀಪಗಳು, ತಾಹಿತಿ, ಹವಾಯಿಗಳು ಇನ್ನೊಂದು ಬದಿ. ಆಕ್ಲೆಂಡಿನಿಂದ ಶನಿವಾರ ಬೆಳಿಗ್ಗೆ ಹೊರಟು ನಾಲ್ಕು ಗಂಟೆ ಹಾರಿ ರಾರೊತೊಂಗಾದಲ್ಲಿ ಇಳಿದರೆ ಅಲ್ಲಿ ಇನ್ನೂ ಶುಕ್ರವಾರದ ಮಧ್ಯಾಹ್ನವಾಗಿರುತ್ತದೆ. ಮರಳುವಾಗ ಇದಕ್ಕೆ ಪ್ರತಿಯಾಗಿ ಒಂದು ಇಡೀ ದಿನ ಲೆಕ್ಕದಿಂದ ಕಳೆದುಹೋಗುತ್ತದೆ. ಇದನ್ನು ಮರೆತು ವಸತಿಗೃಹವನ್ನು ತಪ್ಪು ದಿನಕ್ಕೆ ಗೊತ್ತುಮಾಡಿಕೊಂಡರೆ ನಡುರಾತ್ರಿಯಲ್ಲಿ ಲಗೇಜಿನೊಡನೆ ಬಾಗಿಲಲ್ಲಿ ನಿಲ್ಲಬೇಕಾಗುತ್ತದೆ.

ಈ ರೇಖೆ ಸ್ಥಿರವಾದುದೂ ಅಲ್ಲ. ಸಮೋವಾ ದೇಶವು ಆಸ್ಟ್ರೇಲಿಯ, ನ್ಯೂಜಿಲೆಂಡುಗಳೊಡನೆ ತನ್ನ ವ್ಯಾಪಾರಕ್ಕೆ ಅನುಕೂಲವಾಗಲೆಂದು ರೇಖೆಯನ್ನು ದಾಟಿ ಈಚೆಗೆ ಬಂದಿತು. 2011ರಲ್ಲಿ ಅಲ್ಲಿಯ ಜನ ಡಿಸೆಂಬರ್ 29ರ ಗುರುವಾರ ಮಲಗಿ ಎದ್ದಾಗ 31ರ ಶನಿವಾರವಾಗಿತ್ತು. 30ನೆಯ ತಾರೀಖು ಅವರ ಪಾಲಿಗೆ ಬರಲೇ ಇಲ್ಲ. ನೆರೆಯ ಅಮೆರಿಕನ್ ಸಮೋವಾ ಮಾತ್ರ ಆಚೆಯೇ ಉಳಿಯಿತು. ಒಂದೇ ಭಾಷೆಯ, ಒಂದೇ ಬಂಧುಬಳಗದ ಆ ಎರಡು ನಾಡುಗಳ ನಡುವೆ ಕಿರಿಯ ವಿಮಾನದಲ್ಲಿ ಒಂದು ಗಂಟೆಗೂ ಕಡಿಮೆ ಹಾದಿ, ಆದರೆ ಇಪ್ಪತ್ತನಾಲ್ಕು ಗಂಟೆಗಳ ವ್ಯತ್ಯಾಸ.

ವಾರದ ಲೆಕ್ಕವೂ ಮುಖ್ಯ. ಟೋಂಗಾ ರಾಜ್ಯದಲ್ಲಿ ಭಾನುವಾರವನ್ನು ಪವಿತ್ರ ದಿನವಾಗಿ ಪಾಲಿಸಬೇಕೆಂದು 1875ರ ಸಂವಿಧಾನವೇ ವಿಧಿಸಿದೆ. ಆ ದಿನ ಅಂಗಡಿಗಳು ಮುಚ್ಚಿರುತ್ತವೆ, ವಿಮಾನ ಸಂಚಾರವೂ ಇಲ್ಲ. ಶನಿವಾರವೇ ಹಣ್ಣು, ರೊಟ್ಟಿ, ನೀರುಗಳನ್ನು ತಂದಿಟ್ಟುಕೊಂಡು ಆ ದಿನವನ್ನು ವಿಶ್ರಾಂತಿಗೆ ಮೀಸಲಿಡುವುದೇ ವಿವೇಕ.

ರಹದಾರಿಯ ತೊಡಕು

ಭಾರತದ ಪಾಸ್‌ಪೋರ್ಟ್ ಹೊಂದಿದವರು ಇಲ್ಲಿ ವಿಶೇಷವಾಗಿ ಎಚ್ಚರ ವಹಿಸಬೇಕು. ದ್ವೀಪರಾಷ್ಟ್ರಗಳಲ್ಲಿ ಕೆಲವು ಉದಾರವಾಗಿ ಬಾಗಿಲು ತೆರೆದಿವೆ. ಆದರೆ ಆ ಬಾಗಿಲನ್ನು ತಲಪುವ ದಾರಿಯಲ್ಲಿರುವ ದೊಡ್ಡ ದೇಶಗಳು ಹಾಗಿಲ್ಲ. ಸಿಡ್ನಿಯಲ್ಲಿಯೋ ಆಕ್ಲೆಂಡಿನಲ್ಲಿಯೋ ಕೆಲವು ತಾಸು ವಿಮಾನ ಬದಲಿಸುವುದಕ್ಕೂ ನಮ್ಮವರಿಗೆ ಸಾಮಾನ್ಯವಾಗಿ ಟ್ರಾನ್ಸಿಟ್ ವೀಸಾ ಬೇಕು. ಹೊನೊಲುಲು ಮತ್ತು ಗುವಾಮ್‌ಗಳು ಅಮೆರಿಕದ ನೆಲವಾದುದರಿಂದ, ಅಮೆರಿಕದ ವೀಸಾ ಇಲ್ಲದೆ ಅಲ್ಲಿ ಕೇವಲ ವಿಮಾನ ಬದಲಿಸುವುದೂ ಸಾಧ್ಯವಿಲ್ಲ. ತಾಹಿತಿಯು ಫ್ರಾನ್ಸಿಗೆ ಸೇರಿದ್ದರೂ ಯೂರೋಪಿನ ಷೆಂಗೆನ್ ವೀಸಾ ಅಲ್ಲಿಗೆ ತಾನಾಗಿ ಅನ್ವಯಿಸುವುದಿಲ್ಲ. ಆ ಪ್ರದೇಶದ ಹೆಸರಿನಲ್ಲಿ ಪ್ರತ್ಯೇಕ ಅನುಮತಿ ಪಡೆಯಬೇಕು.

ಮಗಳನ್ನು ಕಾಣಲು ನ್ಯೂಜಿಲೆಂಡಿಗೆ ಹೋದವರು ದ್ವೀಪಗಳಿಗೆ ಹೋಗಿ ಮತ್ತೆ ಅಲ್ಲಿಗೇ ಮರಳುವುದಾದರೆ, ತಮ್ಮ ವೀಸಾ ಪುನಃಪ್ರವೇಶಕ್ಕೆ ಅವಕಾಶ ಕೊಡುವುದೇ ಎಂಬುದನ್ನು ಮೊದಲೇ ನೋಡಿಕೊಳ್ಳತಕ್ಕದ್ದು. ಈ ನಿಯಮಗಳು ಆಗಾಗ ಮಾರ್ಪಡುವುದರಿಂದ ಟಿಕೆಟ್ಟಿಗೆ ಹಣ ಕಟ್ಟುವ ಮುನ್ನ ಆಯಾ ದೇಶದ ರಾಯಭಾರ ಕಚೇರಿಯಿಂದಲೇ ವಿಚಾರಿಸಿ ತಿಳಿಯಬೇಕು. ಪಾಸ್‌ಪೋರ್ಟಿಗೆ ಕನಿಷ್ಠ ಆರು ತಿಂಗಳ ಅವಧಿ ಉಳಿದಿರಲಿ. ಮರಳುವ ಟಿಕೆಟ್ಟು ಕೈಯಲ್ಲಿರಲಿ.

ಋತು ಮತ್ತು ವಿಪತ್ತು

ದಕ್ಷಿಣದ ದ್ವೀಪಗಳಲ್ಲಿ ನವೆಂಬರಿನಿಂದ ಏಪ್ರಿಲ್‌ವರೆಗೆ ಚಂಡಮಾರುತದ ಕಾಲ. ವನುವಾಟುವನ್ನು ನಲುಗಿಸಿದ ‘ಪ್ಯಾಮ್’ 2015ರ ಮಾರ್ಚಿನಲ್ಲಿಯೂ, ಫಿಜಿಯಲ್ಲಿ 44 ಜನರನ್ನು ಬಲಿತೆಗೆದುಕೊಂಡ ‘ವಿನ್‌ಸ್ಟನ್’ 2016ರ ಫೆಬ್ರವರಿಯಲ್ಲಿಯೂ ಬಂದವು. ಮೇ ತಿಂಗಳಿನಿಂದ ಅಕ್ಟೋಬರ್‌ವರೆಗೆ ಒಣಹವೆ, ಹಿತವಾದ ತಂಪು. ನಮ್ಮ ಶಾಲೆಗಳ ಬೇಸಗೆ ರಜೆಯಲ್ಲಿ ಮೇ ತಿಂಗಳು ಈ ಲೆಕ್ಕಕ್ಕೆ ಸರಿಹೊಂದುತ್ತದೆ. ಜುಲೈಯಲ್ಲಿ ಆಸ್ಟ್ರೇಲಿಯ, ನ್ಯೂಜಿಲೆಂಡುಗಳ ಶಾಲೆಗಳಿಗೂ ರಜೆ ಬರುವುದರಿಂದ ದರ ಏರುತ್ತದೆ.

ಋತುವನ್ನು ನೋಡಿ ಹೊರಟರೂ ವಿಘ್ನಗಳು ಬರಬಹುದು. 2022ರ ಜನವರಿ 15ರಂದು ಟೋಂಗಾದ ಸಮುದ್ರದೊಳಗಿನ ಜ್ವಾಲಾಮುಖಿ ಸಿಡಿದು ಸಾಗರದಡಿಯ ತಂತಿ ಕಡಿದುಹೋಯಿತು. ಅದನ್ನು ಸರಿಪಡಿಸಲು ಐದು ವಾರಗಳು ಹಿಡಿದವು. 2024ರ ಮೇ ತಿಂಗಳಲ್ಲಿ ವನುವಾಟುವಿನ ರಾಷ್ಟ್ರೀಯ ವಿಮಾನ ಸಂಸ್ಥೆ ದಿವಾಳಿಯೆದ್ದು ವಿಮಾನಗಳು ಹಠಾತ್ತನೆ ನಿಂತವು. ಅದೇ ತಿಂಗಳು ನ್ಯೂ ಕ್ಯಾಲಿಡೋನಿಯದಲ್ಲಿ ಗಲಭೆಯೆದ್ದು ಅಲ್ಲಿಯ ಅಂತರರಾಷ್ಟ್ರೀಯ ನಿಲ್ದಾಣ ಒಂದು ತಿಂಗಳಿಗೂ ಹೆಚ್ಚು ಕಾಲ ಮುಚ್ಚಿತ್ತು. ಕಿರಿಯ ಸಂಸ್ಥೆಗಳಲ್ಲಿ ಇರುವುದೇ ಒಂದೆರಡು ವಿಮಾನ; ಅದರ ಒಂದು ಬಿಡಿಭಾಗ ಕೆಟ್ಟರೂ ಆ ವಾರದ ಸಂಚಾರವೆಲ್ಲ ಏರುಪೇರಾಗುತ್ತದೆ.

ಆದುದರಿಂದ ಊರಿಗೆ ಮರಳುವ ದೊಡ್ಡ ವಿಮಾನಕ್ಕೆ ಮುಂಚೆ ಎರಡು ದಿನಗಳನ್ನಾದರೂ ಬರಿದಾಗಿ ಉಳಿಸಿಕೊಳ್ಳಬೇಕು. ಬೇರೆ ಬೇರೆಯಾಗಿ ಕೊಂಡ ಟಿಕೆಟ್ಟುಗಳಲ್ಲಿ ಒಂದು ತಪ್ಪಿದರೆ ಮುಂದಿನ ಸಂಸ್ಥೆ ಹೊಣೆ ಹೊರುವುದಿಲ್ಲ. ಸಾಧ್ಯವಾದಲ್ಲೆಲ್ಲ ಒಂದೇ ಟಿಕೆಟ್ಟಿನಲ್ಲಿ ಹಾದಿಯನ್ನು ಪೋಣಿಸಿಕೊಳ್ಳುವುದು ಲೇಸು. ವಯಸ್ಸಾದವರು ವಿಮೆಯನ್ನು ಅಲಕ್ಷಿಸಕೂಡದು. ಈ ದ್ವೀಪಗಳಲ್ಲಿ ದೊಡ್ಡ ಆಸ್ಪತ್ರೆಗಳು ವಿರಳ. ಕಠಿಣ ರೋಗಿಗಳನ್ನು ವಿಮಾನದಲ್ಲಿ ನ್ಯೂಜಿಲೆಂಡಿಗೋ ಆಸ್ಟ್ರೇಲಿಯಕ್ಕೋ ಸಾಗಿಸಬೇಕಾಗುತ್ತದೆ. ಆ ಸಾಗಣೆಯ ವೆಚ್ಚವೂ ಒಳಗೊಂಡಿರುವ ವಿಮೆಯನ್ನೇ ಮಾಡಿಸಬೇಕು. ಸಾಲೊಮನ್ ದ್ವೀಪಗಳು, ವನುವಾಟು, ಪಾಪುವಾ ನ್ಯೂಗಿನಿಗಳಲ್ಲಿ ಮಲೇರಿಯಾ ಉಂಟು. ಫಿಜಿ, ಟೋಂಗಾ, ಸಮೋವಾಗಳಲ್ಲಿ ಅದರ ಭಯವಿಲ್ಲ. ಡೆಂಗೆ ಜ್ವರ ಮಾತ್ರ ಎಲ್ಲೆಡೆಯೂ ಕಾಣಿಸಿಕೊಳ್ಳುವುದುಂಟು.

ಊಟದ ವಿಚಾರ

ಸಸ್ಯಾಹಾರಿಗಳಾದ ನಮ್ಮವರಿಗೆ ಮೊದಲು ಏಳುವ ಪ್ರಶ್ನೆಯೇ ಇದು. ಇದಕ್ಕೆ ಅಂಜಬೇಕಾದುದಿಲ್ಲ. ಆ ದ್ವೀಪಗಳ ಮೂಲ ಆಹಾರವೇ ಗೆಡ್ಡೆಗೆಣಸು. ಟಾರೊ ಎಂದು ಅವರು ಕರೆಯುವುದು ನಮ್ಮ ಕೆಸುವಿನ ಗೆಡ್ಡೆ. ಅವರ ಬ್ರೆಡ್‌ಫ್ರೂಟ್ ನಮ್ಮ ಕರಾವಳಿಯವರು ಪಲ್ಯ ಮಾಡುವ ಜೀಗುಜ್ಜೆ. ಮರಗೆಣಸು, ಸಿಹಿಗೆಣಸು, ಬಾಳೆ, ತೆಂಗುಗಳಂತೂ ಇದ್ದೇ ಇವೆ. ಕೆಸುವಿನೆಲೆಯನ್ನು ತೆಂಗಿನ ಹಾಲಿನಲ್ಲಿ ಬೇಯಿಸಿದ ‘ಪಲುಸಾಮಿ’ ರುಚಿಕರವಾದ ಪದಾರ್ಥ; ಆದರೆ ಕೆಲವೆಡೆ ಅದರೊಳಗೆ ಮಾಂಸವನ್ನು ಸೇರಿಸುವುದರಿಂದ ಕೇಳಿಯೇ ಉಣ್ಣಬೇಕು.

ಫಿಜಿಯಲ್ಲಿ ರೊಟ್ಟಿ, ಬೇಳೆ, ಪಲ್ಯಗಳು ಊರೂರಲ್ಲಿ ದೊರೆಯುತ್ತವೆ. ಇದರ ಹಿಂದೆ ಒಂದು ನೋವಿನ ಚರಿತ್ರೆಯಿದೆ. 1879ರಿಂದ 1916ರವರೆಗೆ ಅರುವತ್ತು ಸಾವಿರಕ್ಕೂ ಹೆಚ್ಚು ಭಾರತೀಯರನ್ನು ಕರಾರಿನ ಕೂಲಿಗಳನ್ನಾಗಿ ಕಬ್ಬಿನ ತೋಟಗಳಿಗೆ ಹಡಗುಗಳಲ್ಲಿ ಒಯ್ದರು. ‘ಅಗ್ರಿಮೆಂಟ್’ ಎಂಬ ಮಾತು ಅವರ ಬಾಯಲ್ಲಿ ‘ಗಿರ್ಮಿಟ್’ ಆಯಿತು. 1903ರಿಂದ ಮದರಾಸು ಬಂದರಿನಿಂದಲೂ ಹಡಗುಗಳು ಹೊರಟವು. ಒಟ್ಟು ಜನರಲ್ಲಿ ಸುಮಾರು ನಾಲ್ಕರಲ್ಲೊಂದು ಪಾಲು ದಕ್ಷಿಣದವರು. ಅವರ ಸಂತತಿ ಇಂದು ಆ ದೇಶದ ಜನಸಂಖ್ಯೆಯಲ್ಲಿ ಸರಿಸುಮಾರು ಮೂರರಲ್ಲೊಂದು ಭಾಗ. ನಂದಿಯಲ್ಲಿರುವ ಸುಬ್ರಹ್ಮಣ್ಯ ದೇವಾಲಯವನ್ನು ನೋಡುವವರು ಅದರ ಬಣ್ಣದ ಗೋಪುರದೊಡನೆ ಈ ಕಥೆಯನ್ನೂ ನೆನೆಯಬೇಕು.

ಮನೆಯಿಂದ ಬುತ್ತಿ ಕಟ್ಟುವ ತಾಯಂದಿರಿಗೆ ಒಂದು ಸೂಚನೆ. ನ್ಯೂಜಿಲೆಂಡಿನಲ್ಲಿಯೂ ದ್ವೀಪಗಳಲ್ಲಿಯೂ ಆಹಾರ, ಬೀಜ, ಸಸ್ಯಪದಾರ್ಥಗಳ ತಪಾಸಣೆ ಬಲು ಕಟ್ಟುನಿಟ್ಟು. ಶೇಂಗಾ ಚಟ್ನಿಪುಡಿ, ಉಪ್ಪಿನಕಾಯಿ, ಖಡಕ್ ರೊಟ್ಟಿ, ಏನಿದ್ದರೂ ಇಳಿಯುವ ಮುಂಚೆ ತುಂಬುವ ಪತ್ರದಲ್ಲಿ ಒಪ್ಪಿ ಬರೆಯಬೇಕು. ರುದ್ರಾಕ್ಷಿಯೂ ಸಸ್ಯದ ಬೀಜವೇ ಆದುದರಿಂದ ಅದನ್ನೂ ಕಾಣಿಸತಕ್ಕದ್ದು. ಮುಚ್ಚಿಟ್ಟದ್ದು ಸಿಕ್ಕಿದರೆ ನ್ಯೂಜಿಲೆಂಡಿನಲ್ಲಿ ಸ್ಥಳದಲ್ಲಿಯೇ 400 ಡಾಲರ್ ದಂಡ ಕಟ್ಟಬೇಕಾಗುತ್ತದೆ. ಇದನ್ನು ಕಿರುಕುಳವೆಂದು ಭಾವಿಸಬಾರದು. 1993ರಲ್ಲಿ ಹೊರಗಿನಿಂದ ಬಂದ ಒಂದು ಎಲೆರೋಗ ಸಮೋವಾದ ಕೆಸುವಿನ ಬೆಳೆಯನ್ನೆಲ್ಲ ನಾಶಮಾಡಿ, ಆ ದೇಶದ ಮುಖ್ಯ ರಫ್ತನ್ನೇ ನಿಲ್ಲಿಸಿಬಿಟ್ಟಿತು. ಒಂದೇ ಬೆಳೆಯನ್ನು ನಂಬಿ ಬದುಕುವ ಪುಟ್ಟ ನಾಡಿಗೆ ಒಂದು ಕಾಳಿನೊಳಗಿನ ಹುಳುವೂ ಶತ್ರುವಾಗಬಲ್ಲುದು.

ಅತಿಥಿಯ ಧರ್ಮ

ಸಣ್ಣ ದ್ವೀಪಕ್ಕೆ ಹೋಗುವವನು ಆ ದ್ವೀಪದ ನೀರನ್ನು ಕುಡಿಯುತ್ತಾನೆಂಬುದನ್ನು ಮರೆಯಕೂಡದು. ಟುವಾಲುವಿನಲ್ಲಿ ಹೊಳೆಯಿಲ್ಲ, ಮಾಡಿನಿಂದ ಬಿದ್ದ ಮಳೆನೀರೇ ಜನರಿಗೆ ಆಧಾರ. 2011ರಲ್ಲಿ ಮಳೆ ಕೈಕೊಟ್ಟಾಗ ಆ ಸರ್ಕಾರ ತುರ್ತುಪರಿಸ್ಥಿತಿಯನ್ನು ಘೋಷಿಸಬೇಕಾಯಿತು. ಅಲ್ಲಿಯ ನೆಲದ ಅತಿ ಎತ್ತರದ ಬಿಂದು ಸಮುದ್ರಮಟ್ಟದಿಂದ ಐದು ಮೀಟರ್ ಕೂಡ ಇಲ್ಲ. ವಿಮಾನವಿಲ್ಲದ ಸಂಜೆಗಳಲ್ಲಿ ಓಡುದಾರಿಯೇ ಮಕ್ಕಳ ಆಟದ ಬಯಲು. ವಿಮಾನ ಬರುವ ಮುನ್ನ ಸೈರನ್ ಊದಿ ಎಲ್ಲರನ್ನೂ ಬದಿಗೆ ಸರಿಸುತ್ತಾರೆ. ಸಾಗರ ಏರುತ್ತಿರುವ ಈ ಕಾಲದಲ್ಲಿ ಆ ದೇಶವು ಆಸ್ಟ್ರೇಲಿಯದೊಡನೆ ಮಾಡಿಕೊಂಡ ಒಪ್ಪಂದ 2024ರಲ್ಲಿ ಜಾರಿಗೆ ಬಂದಿದೆ. ಅದರಂತೆ ವರ್ಷಕ್ಕೆ 280 ಜನ ಅಲ್ಲಿಗೆ ಹೋಗಿ ನೆಲೆಸಬಹುದು. ಹನ್ನೊಂದು ಸಾವಿರದಷ್ಟು ಜನರಿರುವ ನಾಡಿನಲ್ಲಿ ಪ್ರತಿ ಮನೆಯಲ್ಲಿಯೂ ಈಗ ನಡೆಯುವ ಮಾತು ಹೋಗುವುದೋ ಉಳಿಯುವುದೋ ಎಂಬುದೇ. ಅಂತಹ ನಾಡನ್ನು ಪಟ್ಟಿಯಲ್ಲಿ ಗುರುತು ಹಾಕಿಕೊಳ್ಳುವ ಸಲುವಾಗಿ ಒಂದು ದಿನದ ಮಟ್ಟಿಗೆ ಮುಟ್ಟಿ ಬರುವುದು ಸೌಜನ್ಯವಾಗಲಾರದು.

ಹಳ್ಳಿಗಳಿಗೆ ಹೋಗುವಾಗ ಹೆಗಲೂ ಮೊಣಕಾಲೂ ಮುಚ್ಚುವ ಉಡುಪಿರಲಿ. ಸೀರೆ, ಪಂಚೆ ಉಡುವ ನಮ್ಮವರಿಗೆ ಇದೇನೂ ಕಷ್ಟವಲ್ಲ. ಫಿಜಿಯ ಹಳ್ಳಿಯೊಳಗೆ ಟೋಪಿ ಧರಿಸಬಾರದು. ಯಾರ ತಲೆಯನ್ನೂ, ಮಕ್ಕಳ ತಲೆಯನ್ನೂ, ಮುಟ್ಟಬಾರದು. ಹಳ್ಳಿಯ ಮುಖಂಡನಿಗೆ ಕಾವಾ ಬೇರಿನ ಕಟ್ಟನ್ನು ಅರ್ಪಿಸಿ ಅನುಮತಿ ಪಡೆಯುವುದು ಅಲ್ಲಿಯ ಸಂಪ್ರದಾಯ. ಆ ಗಿಡ ನಮ್ಮ ವೀಳ್ಯದೆಲೆ, ಕರಿಮೆಣಸುಗಳ ಕುಲಕ್ಕೇ ಸೇರಿದುದು. ಎಲೆಯಡಿಕೆ ಕೊಟ್ಟು ಗೌರವಿಸುವ ನಾಡಿನಿಂದ ಹೋದವರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾದುದಿಲ್ಲ. ಅದರ ರಸ ಹುಳಿಸಿದ ಮದ್ಯವಲ್ಲ, ತುಸು ಮಂಪರು ತರುವಂಥದು. ಕುಡಿಯಲೊಲ್ಲದವರು ವಿನಯದಿಂದ ತಿಳಿಸಿದರೆ ಸಾಕು. ಸಮೋವಾದ ಹಳ್ಳಿಗಳಲ್ಲಿ ಮುಸ್ಸಂಜೆ ಪ್ರಾರ್ಥನೆಯ ಹೊತ್ತಿಗೆ ದಾರಿಯಲ್ಲಿ ನಡೆದಾಡದೆ ಸುಮ್ಮನೆ ನಿಲ್ಲಬೇಕು ಅಥವಾ ಕುಳಿತಿರಬೇಕು.

ಎಷ್ಟು ನಾಡು ಸಾಕು?

ಶಿಕ್ಷಕ ದಂಪತಿಗಳಿಗೆ ನಾವು ಸೂಚಿಸಿದ್ದು ಇಷ್ಟು. ಹದಿನೈದು ದಿನಗಳನ್ನು ಇಪ್ಪತ್ತಕ್ಕೆ ಏರಿಸಿ, ಆರು ನಾಡುಗಳನ್ನು ಎರಡಕ್ಕೆ ಇಳಿಸುವುದು. ಆಕ್ಲೆಂಡಿನಿಂದ ಟೋಂಗಾಕ್ಕೆ ಹೋಗಿ, ಒಂದು ಭಾನುವಾರವನ್ನೂ ಸೇರಿಸಿ ಏಳೆಂಟು ದಿನ ಅಲ್ಲಿರುವುದು. ಅಲ್ಲಿಂದ ಫಿಜಿಗೆ ಬಂದು ಹತ್ತು ದಿನ ನಿಲ್ಲುವುದು. ಅದರಲ್ಲಿ ಕೊನೆಯ ಎರಡು ದಿನ ನಂದಿಯಲ್ಲಿಯೇ ಬಿಡುವಾಗಿರುವುದು. ಅಲ್ಲಿಂದ ಆಕ್ಲೆಂಡಿಗೆ ಮರಳದೆ ಸಿಂಗಪುರದ ಮೂಲಕ ಬೆಂಗಳೂರಿಗೆ ಬರುವುದು. ಹೀಗೆ ಮಾಡಿದರೆ ಹೋದ ದಾರಿಯನ್ನು ಮತ್ತೆ ತುಳಿಯಬೇಕಾದುದಿಲ್ಲ, ದಿನಾಂಕದ ರೇಖೆಯನ್ನೂ ದಾಟಬೇಕಾದುದಿಲ್ಲ. ಜುಲೈಯಿಂದ ಅಕ್ಟೋಬರ್ ನಡುವೆ ಹೋದವರಿಗೆ ಟೋಂಗಾದ ಕಡಲಲ್ಲಿ ಮರಿಗಳೊಡನೆ ಬರುವ ತಿಮಿಂಗಿಲಗಳ ದರ್ಶನವೂ ಆದೀತು. ಬೇಕೆನಿಸಿದರೆ, ದೇಹ ಸಹಕರಿಸಿದರೆ, ಫಿಜಿಯಿಂದ ಸಮೋವಾಕ್ಕೆ ಹೋಗಿಬರಲು ಇನ್ನೊಂದು ವಾರ ಸೇರಿಸಬಹುದು. ತಾಹಿತಿ ಮತ್ತು ಕುಕ್ ದ್ವೀಪಗಳು ಬೇರೊಂದು ವರ್ಷದ, ಬೇರೊಂದು ಹಾದಿಯ ಮಾತು.

ಹಣದ ವಿಷಯದಲ್ಲಿಯೂ ಇದೇ ಸುಲಭ. ಫಿಜಿಗೆ ಅದರದೇ ಡಾಲರ್, ಟೋಂಗಾಕ್ಕೆ ಪಾಆಂಗಾ, ಸಮೋವಾಕ್ಕೆ ತಾಲಾ, ತಾಹಿತಿಗೆ ಪೆಸಿಫಿಕ್ ಫ್ರಾಂಕ್. ಕುಕ್ ದ್ವೀಪಗಳಲ್ಲಿ ನ್ಯೂಜಿಲೆಂಡಿನ ನಾಣ್ಯ, ಟುವಾಲುವಿನಲ್ಲಿ ಆಸ್ಟ್ರೇಲಿಯದ ನಾಣ್ಯ. ಟುವಾಲುವಿಗೆ ಮೊದಲ ಎ.ಟಿ.ಎಂ. ಯಂತ್ರ ಬಂದದ್ದೇ 2025ರಲ್ಲಿ. ಆರು ನಾಡುಗಳನ್ನು ಸುತ್ತುವವನು ಪ್ರತಿ ಬಾರಿಯೂ ಹಣ ಬದಲಿಸಿ ಒಂದಿಷ್ಟು ಕಳೆದುಕೊಳ್ಳುತ್ತಲೇ ಹೋಗುತ್ತಾನೆ.

ಎರಡೇ ನಾಡು ನೋಡಿದರೆ ಇಷ್ಟು ದೊಡ್ಡ ಸಾಗರವನ್ನು ನೋಡಿದಂತಾಯಿತೇ ಎಂದು ಕೆಲವರು ಕೇಳಬಹುದು. ಇದಕ್ಕೆ ಆ ಸಾಗರದ ಜನರೇ ಉತ್ತರ ಕೊಟ್ಟಿದ್ದಾರೆ. ಟೋಂಗಾ ಮೂಲದ ವಿದ್ವಾಂಸರಾದ ಎಪೆಲಿ ಹೌಓಫಾ ಅವರು ಸುವಾ ನಗರದ ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕರಾಗಿದ್ದಾಗ, 1993ರಲ್ಲಿ ಒಂದು ಪ್ರಬಂಧವನ್ನು ಪ್ರಕಟಿಸಿದರು. ತಮ್ಮ ನಾಡುಗಳನ್ನು ದಿಕ್ಕಿಲ್ಲದ ನೀರಿನಲ್ಲಿ ಚೆದರಿದ ಚೂರುಗಳೆಂದು ಕಾಣುವುದು ಹೊರಗಿನವರ ದೃಷ್ಟಿಯೆಂದೂ, ಪೂರ್ವಜರ ಪಾಲಿಗೆ ಆ ನೀರೂ ಮನೆಯ ಅಂಗಳವೇ ಆಗಿತ್ತೆಂದೂ ಅದರಲ್ಲಿ ಪ್ರತಿಪಾದಿಸಿದರು. ಅದು ಬರಿಯ ಅಭಿಮಾನದ ಮಾತಲ್ಲ. 1769ರಲ್ಲಿ ತಾಹಿತಿಯಲ್ಲಿ ಕ್ಯಾಪ್ಟನ್ ಕುಕ್ಕನ ಹಡಗನ್ನೇರಿದ ತುಪಾಇಯಾ ಎಂಬ ದ್ವೀಪವಾಸಿಯ ಅರಿವಿನಿಂದ ಸಿದ್ಧವಾದ ನಕಾಶೆಯಲ್ಲಿ ಎಪ್ಪತ್ತಕ್ಕೂ ಹೆಚ್ಚು ದ್ವೀಪಗಳಿದ್ದವು. 1976ರಲ್ಲಿ ಸತವಾಲ್ ಎಂಬ ಪುಟ್ಟ ದ್ವೀಪದ ಮಾವು ಪಿಯೈಲುಗ್ ಎಂಬ ನಾವಿಕರು ‘ಹೊಕುಲೆಆ’ ಎಂಬ ಜೋಡಿದೋಣಿಯನ್ನು ಹವಾಯಿಯಿಂದ ತಾಹಿತಿಗೆ ಒಂದು ತಿಂಗಳಲ್ಲಿ ನಡೆಸಿಕೊಂಡು ಹೋದರು. ದಿಕ್ಸೂಚಿಯಿಲ್ಲ, ನಕಾಶೆಯಿಲ್ಲ, ನಕ್ಷತ್ರಗಳ ಉದಯಾಸ್ತ, ಅಲೆಗಳ ಬಾಗು, ಹಕ್ಕಿಗಳ ಹಾರಾಟ, ಇವೇ ಅವರ ಸಾಧನಗಳು.

ಮೂರು ಸಾವಿರ ವರ್ಷಗಳ ಹಿಂದೆಯೇ ಟೋಂಗಾ, ಸಮೋವಾಗಳನ್ನು ಸೇರಿದ ಆ ಜನ ಮುಂದಿನ ದ್ವೀಪಗಳಿಗೆ ಹೊರಡುವ ಮುನ್ನ ಗಾಳಿಯ ಕಾಲವನ್ನು ನೋಡಿ, ಕೆಸುವಿನ ಸಸಿಯನ್ನೂ ತೆಂಗಿನಕಾಯನ್ನೂ ದೋಣಿಯಲ್ಲಿ ಜೋಡಿಸಿಕೊಂಡು, ಅನುಕೂಲ ಗಾಳಿ ಬರುವವರೆಗೆ ಕಾದಿದ್ದು ಹೊರಟರು. ಸಾಗರವನ್ನು ಬಲ್ಲವರು ಅವಸರಪಡಲಿಲ್ಲ. ವಿಮಾನವೇರಿ ಹೋಗುವ ನಾವೂ ಋತುವನ್ನು ನೋಡಿ, ದಾರಿಯನ್ನು ತಿಳಿದು, ಒಂದೆರಡು ನಾಡುಗಳಲ್ಲಿ ನಾಲ್ಕು ದಿನ ನಿಂತು, ಅಲ್ಲಿಯ ಒಂದು ಕುಟುಂಬದ ಹೆಸರನ್ನಾದರೂ ನೆನಪಿನಲ್ಲಿಟ್ಟುಕೊಂಡು ಮರಳಿದರೆ ವೆಚ್ಚ ಮಾಡಿದ ಹಣ ಸಾರ್ಥಕವಾಯಿತೆಂದು ತಿಳಿಯಬಹುದು. ಹಾಗೆ ಹೊರಡುವವರಿಗೆಲ್ಲ ಪ್ರಯಾಣ ಸುಖಕರವಾಗಲೆಂದು ಹಾರೈಸುತ್ತೇವೆ.